ಮಳೆಯನ್ನು ಮಸಿಯಲ್ಲಿ ಬರೆಯುವುದು ಹೇಗೆ? ನನ್ನದು ಕೋಳಿಗೂಡು ಆಗುತ್ತಿದೆ

ನಿಬ್ಬುಮುರುಕ, ಪುಣೆ · ಜುಲೈ 26
ಎಲ್ಲರಿಗೂ ನಮಸ್ಕಾರ. ಊರು ಗದಗ, ಪುಣೆಗೆ ಬಂದು ಹನ್ನೊಂದು ವರ್ಷ. ವಾರವೆಲ್ಲ ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ, ಶನಿವಾರ ಮಾತ್ರ ಚಿತ್ರ. ಬಣ್ಣ ನನಗೆ ಒಲಿಯಲಿಲ್ಲ. ಹಾಗಾಗಿ ಎರಡು ವರ್ಷದಿಂದ ಬರೀ ಕಪ್ಪು ಮಸಿ ಮತ್ತು ಅದ್ದಿ ಬರೆಯುವ ನಿಬ್ಬು.

ಮೊನ್ನೆ ಶನಿವಾರ ತಿಕೋನಾ ಕೋಟೆಯ ಬುಡಕ್ಕೆ ಹೋಗಿದ್ದೆ. ಒಂದು ಚಹಾದಂಗಡಿಯ ತಾಡಪತ್ರಿ ಕೆಳಗೆ ಕೂತೆ. ಎದುರಿಗೆ ಪವನಾ ಅಣೆಕಟ್ಟಿನ ನೀರು, ಆಚೆ ಬೆಟ್ಟ, ಮೇಲೆ ಮೋಡ. ಮಳೆ ನಿಲ್ಲಲೇ ಇಲ್ಲ. ಕಾಗದ ತೇವ ಕುಡಿದು ಮೆತ್ತಗಾಗಿತ್ತು. ಒಂದು ಗೆರೆ ಎಳೆದರೆ ಅದರ ಎರಡೂ ಬದಿಗೆ ಸಣ್ಣ ಸಣ್ಣ ಕಾಲು ಮೂಡಿ ಶತಪದಿ ಆಗುತ್ತಿತ್ತು. ಆದರೂ ಬಿಡದೆ ಬೆಟ್ಟ ಬರೆದೆ, ಗಿಡ ಬರೆದೆ, ನೀರು ಬರೆದೆ. ಕೊನೆಗೆ ಮಳೆ ಅಂತ ಇಡೀ ಹಾಳೆಯ ಮೇಲೆ ಓರೆ ಗೆರೆ ಎಳೆದೆ. ಮನೆಗೆ ತಂದು ತೋರಿಸಿದರೆ ಹೆಂಡತಿ ಕೇಳಿದಳು: "ಇದು ಕೋಳಿಗೂಡಾ?"

ಗೆರೆ ಹಾಕದಿದ್ದರೆ ಮಳೆ ಕಾಣುವುದಿಲ್ಲ, ಹಾಕಿದರೆ ಜಾಲರಿ ಆಗುತ್ತದೆ. ನೀರು ಬೆರೆಸಿ ಬಳಿದರೆ ಬೂದಿ ಒರೆಸಿದ ಹಾಗೆ. ಏನು ಮಾಡಲಿ?

ಕಡ್ಲೆಪುರಿ, ಠಾಣೆ
ಕೋಳಿಗೂಡು! ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ. ಅವರನ್ನೇ ವಿಮರ್ಶಕರನ್ನಾಗಿ ಇಟ್ಟುಕೊಳ್ಳಿ.

ದಪ್ಪಕನ್ನಡಕ, ಡೊಂಬಿವಿಲಿ
ಮೊದಲು ಕಾಗದದ ವಿಚಾರ ಮುಗಿಸೋಣ. ಕಾಗದಕ್ಕೆ ಗಂಜಿಯೋ ಅಂಟೋ ಹಾಕಿರುತ್ತಾರಲ್ಲ, ಮಸಿ ಒಳಗೆ ಹರಡದಂತೆ ತಡೆಯುವುದು ಅದೇ. ಮಳೆಗಾಲದಲ್ಲಿ ಕಾಗದ ತೇವ ಎಳೆದುಕೊಂಡಾಗ ಆ ತಡೆ ಸಡಿಲ ಆಗುತ್ತದೆ. ಅದಕ್ಕೇ ಶತಪದಿ. ತೆಳ್ಳನೆಯ ಪುಸ್ತಕ ಬಿಡಿ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಜಲವರ್ಣದ ಹಾಳೆ ತೆಗೆದುಕೊಳ್ಳಿ. ಪುಣೆಯಲ್ಲೇ ಇದ್ದೀರಿ, ಶಿವಾಜಿನಗರದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್‌ಗೆ ಒಮ್ಮೆ ಹೋಗಿ ಹತ್ತಿಯ ಕಾಗದ ಕೈಯಲ್ಲಿ ಮುಟ್ಟಿ ನೋಡಿ. ಹೊರಗೆ ಹೋಗುವಾಗ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಬರೆಯುವ ಹೊತ್ತಿಗೆ ಮಾತ್ರ ತೆಗೆಯಿರಿ.

ಇನ್ನೊಂದು. ಹೊಸ ನಿಬ್ಬಿನ ಮೇಲೆ ಎಣ್ಣೆಯ ಪೊರೆ ಇರುತ್ತದೆ. ಒರೆಸದೆ ಅದ್ದಿದರೆ ಮಸಿ ಹನಿಹನಿಯಾಗಿ ನಿಂತು ದೊಪ್ಪನೆ ಬೀಳುತ್ತದೆ. ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ತೊಳೆಯಿರಿ.

ಕರಿಬೆಕ್ಕು, ಮಡಗಾಂವ
ಕಾಗದದ ಗೋಳು ಗೋವಾದವರನ್ನು ಕೇಳಿ. ಇಲ್ಲಿ ಜೂನ್‌ನಲ್ಲಿ ಕಪಾಟಿಗೆ ಇಟ್ಟ ಪುಸ್ತಕ ಆಗಸ್ಟ್‌ನಲ್ಲಿ ತೆಗೆದರೆ ಬೂಸ್ಟು ಹಿಡಿದು ಹಸಿರು ಕಂಬಳಿ ಹೊದ್ದಿರುತ್ತದೆ. ನಾವು ಕಪಾಟಿನೊಳಗೆ ಒಂದು ಹಳೇ ಕಾಲದ 40 ವಾಟ್ ಬಲ್ಬು ಉರಿಸಿಡುತ್ತೇವೆ. ಎಲ್ಇಡಿ ಹಾಕಬೇಡಿ, ಅದು ಬಿಸಿ ಆಗಲ್ಲ. ಬಟ್ಟೆಗೆ ತಾಗದ ಹಾಗೆ ನೋಡಿಕೊಳ್ಳಿ ಅಷ್ಟೆ. ನನ್ನ ಹಾಳೆಗಳೂ ಹಪ್ಪಳವೂ ಒಂದೇ ಕಪಾಟಿನಲ್ಲಿ ಸುಖವಾಗಿವೆ.

ಗೆರೆಗಾರ, ಮುಲುಂಡ್
ಓರೆ ಗೆರೆ ಹಾಕಿದ್ದು ತಪ್ಪಲ್ಲ, ಹಾಕಿದ ರೀತಿ ತಪ್ಪು. ಜಪಾನಿನ ಕಲಾವಿದ ಹಿರೋಶಿಗೆಯ ಚಿತ್ರದಲ್ಲಿ ಸೇತುವೆಯ ಮೇಲೆ ಸುರಿಯುವ ಮಳೆ ನೋಡಿ. ಇಡೀ ಚಿತ್ರದ ತುಂಬ ಗೆರೆ. ಜಾಲರಿ ಆಯಿತಾ? ಇಲ್ಲ. ಗೆರೆ ಕೂದಲಿನಷ್ಟು ಸಣ್ಣ, ಉದ್ದ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಕಡೆಗೆ ವಾಲಿದ್ದರೂ ಒಂದಕ್ಕೊಂದು ಸರಿಸಮ ಅಲ್ಲ. ಗಾಳಿ ಅಲ್ಲಿ ಬರುತ್ತದೆ. ನೀವು ಬಹುಶಃ ಸ್ಕೇಲ್ ಇಟ್ಟ ಹಾಗೆ ಎಳೆದಿದ್ದೀರಿ. ಅಭ್ಯಾಸ ಮಾಡಿ. ನೀರು ಬೆರೆಸಿ ಬಳಿಯುವುದು ಕೈಲಾಗದವರ ದಾರಿ. ರೇಖಾಚಿತ್ರ ಅಂದರೆ ರೇಖೆ.

ದಪ್ಪಕನ್ನಡಕ, ಡೊಂಬಿವಿಲಿ
ಸ್ವಲ್ಪ ತಡೀರಿ ಗೆರೆಗಾರರೇ. ಅದು ಮಸಿಯಲ್ಲಿ ಕೈಯಿಂದ ಬರೆದ ಚಿತ್ರ ಅಲ್ಲ, ಮರದ ಅಚ್ಚಿನಿಂದ ಒತ್ತಿದ್ದು. ಆ ಮಳೆಯ ಗೆರೆಯನ್ನು ಮರ ಕೆತ್ತುವವನು ಕೆತ್ತಿದ್ದು. ನಿಬ್ಬಿನಲ್ಲಿ ಅದನ್ನೇ ಮಾಡಲು ಹೋದರೆ ಎಲ್ಲರೂ ಕೋಳಿ ಸಾಕಬೇಕಾಗುತ್ತದೆ. ಅಂದ ಹಾಗೆ ಅದು 1857ರದ್ದು. ನಮ್ಮ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಶುರುವಾದದ್ದೂ ಅದೇ ವರ್ಷ. ಸುಮ್ನೆ ನೆನಪಾಯಿತು.

ಗೆರೆಗಾರ, ಮುಲುಂಡ್
ಅಚ್ಚಾದರೇನು, ಕಲಿಯಬೇಕಾದ್ದು ಕಲಿಯಬಹುದಲ್ವಾ? ವ್ಯಾನ್ ಗೋ ಅದನ್ನೇ ಎದುರಿಗಿಟ್ಟುಕೊಂಡು ಬಣ್ಣದಲ್ಲಿ ನಕಲು ಮಾಡಿದ್ದ. ಅವನಿಗಿಲ್ಲದ ಬಿಗುಮಾನ ನಮಗೆ ಯಾಕೆ?

ಮೂರನೇಮಹಡಿ, ಕುರ್ಲಾ
ಇವತ್ತಿನ ತಾರೀಖು ಯಾರಾದರೂ ನೋಡಿದ್ರಾ? ಜುಲೈ 26. 2005ರಲ್ಲಿ ಇದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿಯಿತು. ನಾನು ಎದೆಮಟ್ಟ ನೀರಿನಲ್ಲಿ ನಡೆದು ಮನೆ ಮುಟ್ಟಿದಾಗ ಬೆಳಗಿನ ಜಾವ ನಾಲ್ಕು. ಆ ದಿನ ಮಳೆಯ ಗೆರೆ ಕಾಣಲೇ ಇಲ್ಲ ನನಗೆ. ಕೈ ಚಾಚಿದರೆ ಕೈ ಕಾಣುತ್ತಿರಲಿಲ್ಲ. ಚಿತ್ರ ಬರೆಯಲು ನನಗೆ ಬರುವುದಿಲ್ಲ, ಬರುತ್ತಿದ್ದರೆ ಇಡೀ ಹಾಳೆ ಖಾಲಿ ಬಿಟ್ಟು ಕೆಳಗೆ ಒಂದು ಬಸ್ಸಿನ ಮಾಡು ಮಾತ್ರ ಬರೆಯುತ್ತಿದ್ದೆ.

ಕಡ್ಲೆಪುರಿ, ಠಾಣೆ
@ಮೂರನೇಮಹಡಿ ನೀವು ಬರೆಯಲು ಬರಲ್ಲ ಅಂದಿರಿ, ನನಗೆ ಆಗಲೇ ಚಿತ್ರ ಕಂಡಿತು.

ಗಲ್ಲಾಪೆಟ್ಟಿಗೆ, ಮಾಟುಂಗಾ
ನನ್ನ ದೊಡ್ಡಪ್ಪನ ಒಂದು ಕತೆ ಹೇಳುತ್ತೇನೆ. ಕುಂದಾಪುರದ ಕಡೆಯವರು. ಇಲ್ಲೇ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಗಲ್ಲಾದ ಮೇಲೆ ಕೂತವರು. ಜೋರು ಮಳೆಯ ದಿನ ಗಿರಾಕಿ ಕಡಿಮೆ. ಆಗ ಬಿಲ್ಲಿನ ಹಿಂಬದಿಯಲ್ಲಿ ತಮ್ಮ ಫೌಂಟನ್ ಪೆನ್ನಿನಿಂದ ಏನಾದರೂ ಗೀಚುತ್ತಿದ್ದರು. ಅವರು ಹೋದ ಮೇಲೆ ಟ್ರಂಕಿನಲ್ಲಿ ಒಂದು ಕಟ್ಟು ಸಿಕ್ಕಿತು. ರಬ್ಬರ್ ಬ್ಯಾಂಡ್ ಕಾಗದಕ್ಕೇ ಅಂಟಿಕೊಂಡಿತ್ತು.

ಅದರಲ್ಲಿ ಒಂದು ಈಗ ನನ್ನ ಎದುರಿಗಿದೆ. ಅಂಗೈಯಷ್ಟು ಕಾಗದ. ಹೋಟೆಲಿನ ಬಾಗಿಲ ಚೌಕಟ್ಟಿಗೆ ಎರಡು ಗೆರೆ. ಬಾಗಿಲ ಪಕ್ಕ ಒಂದು ಬಾಲ್ದಿ, ಅದರಲ್ಲಿ ನಾಲ್ಕೈದು ಮಡಚಿದ ಕೊಡೆ, ಒಂದರ ಕಡ್ಡಿ ಮುರಿದು ಹೊರಗೆ ಚಾಚಿದೆ. ಹೊಸ್ತಿಲ ಮೇಲೆ ಒಬ್ಬ ಮನುಷ್ಯ ಪ್ಯಾಂಟು ಮೊಣಕಾಲಿನ ತನಕ ಮಡಚಿ ಒಂದೇ ಕಾಲಲ್ಲಿ ನಿಂತು ಚಪ್ಪಲಿ ಕೊಡವುತ್ತಿದ್ದಾನೆ. ಬಾಗಿಲಾಚೆ ರಸ್ತೆ ಪೂರ್ತಿ ಖಾಲಿ, ತಲೆ ಮೇಲೆ ಪೇಪರ್ ಹಿಡಿದು ಓಡುವ ಒಬ್ಬನನ್ನು ಬಿಟ್ಟರೆ. ಅವನೂ ಬಾಗಿದ ಬೆನ್ನು, ಎರಡು ಕಾಲು, ಅಷ್ಟೇ. ಮಳೆಯ ಗೆರೆ ಒಂದೂ ಇಲ್ಲ. ಆದರೆ ನೋಡಿದ ಎಲ್ಲರೂ "ಏನ್ ಮಳೆ ಮಾರಾಯ್ರೆ" ಅಂತಲೇ ಹೇಳುವುದು.

ಮಸಿ ಮಾತ್ರ ಕಂದು ತಿರುಗಿ ಮಾಸುತ್ತಾ ಇದೆ. ಅದಕ್ಕೇನಾದರೂ ಮಾಡಬಹುದಾ?

ದಪ್ಪಕನ್ನಡಕ, ಡೊಂಬಿವಿಲಿ
ಮಾಸಿದ್ದನ್ನು ವಾಪಸು ತರಲು ಆಗುವುದಿಲ್ಲ. ಬಿಸಿಲು ತಾಗಿಸಬೇಡಿ, ಈಗಲೇ ಸ್ಕ್ಯಾನ್ ಮಾಡಿಸಿಬಿಡಿ. ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್‌ನಲ್ಲಿ ಲಾಳದ ಕಡ್ಡಿಯಿಂದ (ಜೊಂಡಿನ ಲೇಖನಿ) ಬರೆದ ಹೊಲಗದ್ದೆಯ ಚಿತ್ರಗಳದ್ದೂ ಇದೇ ಪಾಡು, ಎಷ್ಟೋ ಕಡೆ ಮಸಿ ಕಂದಾಗಿದೆ. ಮಾಸದೆ ಉಳಿಯುವುದು ದೀಪದ ಮಸಿಯಿಂದ ಮಾಡಿದ್ದು. ಹೊಗೆಯ ಕಪ್ಪು ಅಂದರೆ ಇಂಗಾಲ, ಬಿಸಿಲಿಗೆ ಅದು ಬಗ್ಗುವುದಿಲ್ಲ. ಕನ್ನಡದಲ್ಲಿ ಹೊಗೆಯ ಕಪ್ಪಿಗೂ ಬರೆಯುವ ಕಪ್ಪಿಗೂ ಒಂದೇ ಪದ ಇರುವುದು ಸುಮ್ನೆ ಅಲ್ಲ.

ಹಾಗಂತ ಯಾರೂ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ಪೆನ್ನು ಕತೆ ಮುಗಿಯಿತು.

ನಿಬ್ಬುಮುರುಕ, ಪುಣೆ
ತಡವಾಗಿ ಹೇಳಿದಿರಿ ಸರ್. ನನ್ನ ಹೆಸರು ನೋಡಿ.

ಗಂಧದಕೊರಡು, ಬಾಣೇರ್
ಗೆರೆಗಾರರ ಮಾತಿಗೆ ನನ್ನ ತಕರಾರು ಇದೆ. ನೀರು ಬೆರೆಸುವುದು ಕೈಲಾಗದವರ ದಾರಿ ಅಂತೆ! ಜಪಾನಿನಲ್ಲಿ ಸೆಶ್ಶು ಅಂತ ಒಬ್ಬ ಸನ್ಯಾಸಿ ಇದ್ದ, ಹುಟ್ಟಿದ್ದು 1420. ಚಿಕ್ಕವನಿದ್ದಾಗ ಮಠದಲ್ಲಿ ಓದದೆ ಚಿತ್ರ ಬರೆಯುತ್ತಾನೆ ಅಂತ ಕಂಬಕ್ಕೆ ಕಟ್ಟಿದರಂತೆ. ಅತ್ತ ಕಣ್ಣೀರಿನಲ್ಲಿ ಕಾಲ್ಬೆರಳು ಅದ್ದಿ ನೆಲದ ಮೇಲೆ ಇಲಿ ಬರೆದನಂತೆ. ದಂತಕತೆ ಇರಲಿ. 1486ರಲ್ಲಿ ಅವನು ಬರೆದ ಸುರುಳಿ ಸುಮಾರು 16 ಮೀಟರ್ ಉದ್ದ. ಬಲಗಡೆ ವಸಂತದಿಂದ ಶುರು, ಬಿಚ್ಚುತ್ತಾ ಹೋದರೆ ಎಡಕ್ಕೆ ಚಳಿಗಾಲ. ಅವನ ಇನ್ನೊಂದು ಚಳಿಗಾಲದ ಚಿತ್ರದಲ್ಲಿ ಹಾಳೆಯ ನಡುವೆ ಒಂದು ದಪ್ಪ ಗೆರೆ ನೆಟ್ಟಗೆ ಮೇಲೆ ಹೋಗಿ ಮಂಜಿನಲ್ಲಿ ಇಲ್ಲವಾಗುತ್ತದೆ. ಬಂಡೆಯ ಅಂಚು ಅದು. ಅದನ್ನು ನೋಡಿದರೇ ಬೆನ್ನಿಗೆ ಚಳಿ.

ಆದರೆ ನಿಬ್ಬುಮುರುಕರು ನೋಡಬೇಕಾದದ್ದು 1495ರದ್ದು, ಎಪ್ಪತ್ತು ದಾಟಿದ ಮೇಲೆ ಬರೆದದ್ದು. ಮೊದಲು ತಿಳಿ ಮಸಿ ಬಳಿದಿದ್ದಾನೆ. ಅದು ಒಣಗುವ ಮೊದಲೇ ಮೇಲೆ ಗಟ್ಟಿ ಮಸಿ ಎರಚಿದ್ದಾನೆ. ಹತ್ತಿರದಿಂದ ನೋಡಿದರೆ ಬರೀ ಕಲೆ. ದೂರ ನಿಂತರೆ ಗುಡ್ಡ, ಕೆಳಗೆ ಒಂದು ಹೆಂಡದಂಗಡಿಯ ಮಾಡು, ನೀರಲ್ಲೊಂದು ದೋಣಿ.

ಈಗ ಹೇಳಿ, ಈ ಕೆಲಸಕ್ಕೆ ಬೇಕಾದದ್ದೇನು? ಬೇಗ ಒಣಗದ ಕಾಗದ. ಮೇ ತಿಂಗಳಲ್ಲಿ ಪುಣೆಯಲ್ಲಿ ತಿಳಿ ಮಸಿ ಬಳಿದರೆ ಬ್ರಷ್ ತೊಳೆದು ಬರುವಷ್ಟರಲ್ಲಿ ಒಣಗಿರುತ್ತದೆ. ಜುಲೈನಲ್ಲಿ ಚಹಾ ಕುಡಿದು ಬಂದರೂ ಹಸಿ. ನೀವು ಅದನ್ನೇ ಗೋಳು ಅನ್ನುತ್ತಿದ್ದೀರಿ.

ಗೆರೆಗಾರ, ಮುಲುಂಡ್
ಜಪಾನ್ ಜಪಾನ್ ಅಂತ ಎಷ್ಟು ಹೊತ್ತು? ನಮ್ಮ ಕೆ.ಕೆ. ಹೆಬ್ಬಾರರು ಇದೇ ಮುಂಬೈಯಲ್ಲಿ ಇದ್ದವರು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಜೆ.ಜೆ.ಯಲ್ಲಿ ಕಲಿತು, ಅಲ್ಲೇ ಕಲಿಸಿದರು. ಅವರ ಕುಣಿಯುವವರ ಚಿತ್ರ ನೋಡಿ. ಕೈ ಎತ್ತದೆ ಎಳೆದ ಗೆರೆ, ಎಲ್ಲಿ ತಿರುಗಬೇಕೋ ಅಲ್ಲಿ ತಿರುಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದೆ. ಒಂದು ಹನಿ ನೀರು ಬೆರೆಸಿಲ್ಲ.

ಗಂಧದಕೊರಡು, ಬಾಣೇರ್
ಹೆಬ್ಬಾರರ ಬಗ್ಗೆ ಎರಡು ಮಾತಿಲ್ಲ. ಆದರೆ ನೀವು ಹೇಳಿದ್ದು ಕುಣಿಯುವವರ ಮೈ. ಮೈಗೆ ಅಂಚು ಇದೆ. ಮಂಜಿಗೆ ಅಂಚು ಎಲ್ಲಿದೆ ತೋರಿಸಿ, ಗೆರೆ ಎಳೆಯೋಣ.

ಕರಿಬೆಕ್ಕು, ಮಡಗಾಂವ
ಎಲ್ಲರೂ ಖಾಲಿ ಬಿಡಿ, ಖಾಲಿ ಬಿಡಿ ಅನ್ನುತ್ತಿದ್ದೀರಿ. ಇಲ್ಲೇ ಲೊತುಲಿಯ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂದಾ ಒಂದು ಇಂಚೂ ಖಾಲಿ ಬಿಡುತ್ತಿರಲಿಲ್ಲ. ಮನೆ, ಬಾಲ್ಕನಿ, ನಾಯಿ, ಪಾದ್ರಿ, ಮೀನು ಮಾರುವವಳು, ಎಲೆ ಎಲೆಗೂ ಗೆರೆ. ಕೊಲಾಬಾದ ಕೆಫೆ ಮೊಂಡೆಗಾರ್ ಗೋಡೆ ನೋಡಿದವರಿಗೆ ಗೊತ್ತು. ತುಂಬಿಸಿದರೆ ಚಿತ್ರ ಸತ್ತುಹೋಗುತ್ತದೆ ಅನ್ನುವುದು ಸುಳ್ಳು. ನನಗಂತೂ ಖಾಲಿ ಹಾಳೆ ಕಂಡರೆ ಸೋಮಾರಿತನ ಕಂಡ ಹಾಗಾಗುತ್ತದೆ.

ಹಿಡಿಸೂಡಿ ಕಡ್ಡಿ ಯಾರಾದರೂ ಬಳಸಿದ್ದೀರಾ? ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ತುದಿ ಜಜ್ಜಿ ಮಸಿಯಲ್ಲಿ ಅದ್ದಿ. ಗೆರೆ ಶುರುವಿನಲ್ಲಿ ದಪ್ಪ, ಆಮೇಲೆ ತರಿತರಿ, ಕೊನೆಗೆ ಗೀರು. ಅಡಿಕೆ ತೋಟದ ಮಳೆಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಖರ್ಚೂ ಇಲ್ಲ, ಮನೆಯವರ ಬೈಗುಳ ಬಿಟ್ಟರೆ.

ಕಡ್ಲೆಪುರಿ, ಠಾಣೆ
ಆರ್.ಕೆ. ಲಕ್ಷ್ಮಣ್ ಅವರನ್ನು ಮರೆತೇಬಿಟ್ಟಿರಾ? ಒಂದು ಹೊಂಡ, ಒಂದು ಕೊಡೆ, ಮುಂಬೈ ಮಳೆ ಮುಗಿಯಿತು. ಕೊನೆಗಾಲಕ್ಕೆ ಪುಣೆಯಲ್ಲೇ ಇದ್ದರು. ನಮ್ಮ ಕನ್ನಡಿಗರು.

ಮೂರನೇಮಹಡಿ, ಕುರ್ಲಾ
ಮೈಸೂರಿನವರು ಅನ್ನಿ. ಮನೆಮಾತು ತಮಿಳು.

ಕಡ್ಲೆಪುರಿ, ಠಾಣೆ
ಅವರು ಬರೆದ ಕಾಗೆಗಳ ಮನೆಮಾತು ಯಾವುದು?

ಗಲ್ಲಾಪೆಟ್ಟಿಗೆ, ಮಾಟುಂಗಾ
ಇದನ್ನು ಇಲ್ಲಿಗೇ ಬಿಡಿ ಪುಣ್ಯಾತ್ಮರೇ. ಹೋದ ಸಲ ಇದೇ ಜಗಳ ಸಾಂಬಾರಿನ ತನಕ ಹೋಗಿತ್ತು.

ಬೈಲಹೊಂಗಲದಜ್ಜ, ಹಡಪ್ಸರ್
ನಾನು ಚಿತ್ರಗಾರ ಅಲ್ಲ. ಒಕ್ಕಲುತನ ಮಾಡಿದವನು. ಮಗನ ಮನೆಯಲ್ಲಿ ಇದ್ದೇನೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ತಪ್ಪಿದ್ದರೆ ಅವಳದು.

ತಮ್ಮಾ ನಿಬ್ಬುಮುರುಕ, ಎಲ್ಲರೂ ಮಸಿ ಹೇಗೆ, ಕಾಗದ ಹೇಗೆ ಅಂದರು. ಯಾವ ಮಳೆ ಅಂತ ಒಬ್ಬರೂ ಕೇಳಲಿಲ್ಲ. ನೀನು ಹೋದದ್ದು ಪುಷ್ಯ ಮಳೆಯಲ್ಲಿ. ಬರೆದದ್ದು ಮೃಗಶಿರ ಮಳೆ.

ಮೃಗಶಿರ ಬರುವುದು ಜೂನ್ 7-8ಕ್ಕೆ. ಇಲ್ಲಿನವರು ಮೃಗ ಅನ್ನುತ್ತಾರೆ. ಮೊದಲು ಗಾಳಿ, ಧೂಳು, ಮೇಲೆ ಕಪ್ಪು, ಕೆಳಗೆ ನೆಲ ಇನ್ನೂ ಬೋಳು. ಹನಿ ದಪ್ಪ, ಓರೆಯಾಗಿ ಬಂದು ಮುಖಕ್ಕೆ ಹೊಡೆಯುತ್ತದೆ. ಅದಕ್ಕೆ ನಿನ್ನ ಓರೆ ಗೆರೆ ಸರಿ. ಆರಿದ್ರೆ ನೆಟ್ಟಗೆ ಸುರಿಯುತ್ತದೆ. ಪುನರ್ವಸು, ಪುಷ್ಯ ಬಂದರೆ ಜಿಟಿಜಿಟಿ. ಆಗ ಹನಿ ಅನ್ನುವುದೇ ಇಲ್ಲ, ಗಾಳಿಯೇ ಒದ್ದೆ. ಎತ್ತಿನ ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಕೂರುತ್ತದೆ. ದೂರದ ಬೆಟ್ಟ ಒಂದು ಗಳಿಗೆ ಇರುತ್ತದೆ, ಒಂದು ಗಳಿಗೆ ಇರುವುದಿಲ್ಲ. ಅದಕ್ಕೆ ಯಾವ ಗೆರೆ ಎಳೆಯುತ್ತೀ?

ಆಶ್ಲೇಷ ಬಂದರೆ ಹೊಳೆ ನೋಡಬೇಕು. "ಆಶ್ಲೇಷ ಮಳೆ ಈಸಲಾರದ ಹೊಳೆ" ಅಂತಾರೆ. ಉತ್ತರೆಯಲ್ಲಿ ಬಿಸಿಲೂ ಮಳೆಯೂ ಕೂಡಿ ಬರುತ್ತವೆ. ಹಸ್ತದಲ್ಲಿ ಬೆಳಿಗ್ಗೆ ಬೆಟ್ಟ ತೊಳೆದಿಟ್ಟ ಪಾತ್ರೆಯ ಹಾಗೆ ಚೊಕ್ಕ, ಸಂಜೆಗೆ ಗುಡುಗು. ಇಲ್ಲಿ ಮರಾಠಿ ಹೆಣ್ಣುಮಕ್ಕಳು ಭೋಂಡ್ಲಾ ಆಡುವಾಗ ನಡುವೆ ಆನೆ ಬರೆದಿಡುತ್ತಾರಲ್ಲ, ಅದು ಹಸ್ತದ ಆನೆ.

ಗಂಧದಕೊರಡು ಹೇಳಿದ ಕುಂಚವೂ ಸರಿ, ಗೆರೆಗಾರ ಹೇಳಿದ ನಿಬ್ಬೂ ಸರಿ. ಮಳೆ ಯಾವುದು ಅನ್ನುವುದು ಮೊದಲು.

ಮೂರನೇಮಹಡಿ, ಕುರ್ಲಾ
ಅಜ್ಜಾರೇ, ಗೌರವ ಇಟ್ಟೇ ಹೇಳುತ್ತೇನೆ. ನಕ್ಷತ್ರ, ಪಂಚಾಂಗ ಎಲ್ಲ ನಂಬುವ ಕಾಲವಾ ಇದು? ಈಗ ಮಳೆ ಹೇಗೆ ಬೇಕೋ ಹಾಗೆ ಬರುತ್ತದೆ.

ದಪ್ಪಕನ್ನಡಕ, ಡೊಂಬಿವಿಲಿ
ಇದರಲ್ಲಿ ನಂಬುವುದೇನಿದೆ? ಸೂರ್ಯನ ದಾರಿಯನ್ನು 27 ಭಾಗ ಮಾಡಿದ್ದಾರೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ತಿಂಗಳ ಲೆಕ್ಕಕ್ಕಿಂತ ಸಣ್ಣ ಅಳತೆಪಟ್ಟಿ, ಅಷ್ಟೇ. ಮಳೆ ತಪ್ಪಿ ಬಂದರೂ ಅಜ್ಜ ಹೇಳಿದ ಚಹರೆಗಳು ಸುಳ್ಳಾಗುವುದಿಲ್ಲ. ನನಗೇ ಇಷ್ಟು ದಿನ ಹೊಳೆದಿರಲಿಲ್ಲ, ನಾಚಿಕೆ ಆಯಿತು.

ಗೆರೆಗಾರ, ಮುಲುಂಡ್
ಅಜ್ಜನ ಮಾತಿಗೆ ನನ್ನದೂ ಒಪ್ಪಿಗೆ. ಓರೆ ಗೆರೆಗೆ ಜೂನ್ ತಿಂಗಳಾದರೂ ಬಿಟ್ಟುಕೊಟ್ಟರಲ್ಲ.

ಕಲ್ಲುಕುಟಿಗ, ಪಿಂಪ್ರಿ
ಬೆಟ್ಟದ ಬಗ್ಗೆ ಒಂದು ಮಾತು. ನೀವು ಬೆಟ್ಟ ಬರೆದೆ ಅಂದಿರಿ. ಶಾಲೆಯಲ್ಲಿ ಬರೆಯುತ್ತಿದ್ದೆವಲ್ಲ, ಎರಡು ತ್ರಿಕೋನ, ನಡುವೆ ಸೂರ್ಯ, ಹಾಗೆ ಬರೆದಿರಾ? ತಿಕೋನಾ ಹೆಸರೇ ತ್ರಿಕೋನ, ಸರಿ. ಆದರೆ ಸುತ್ತಲಿನ ಸಹ್ಯಾದ್ರಿ ಹಾಗಿಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದ ಕಪ್ಪುಕಲ್ಲು ಇದು. ದೋಸೆ ಮೇಲೆ ದೋಸೆ ಒಟ್ಟಿದ ಹಾಗೆ. ಮೇಲೆ ಚಪ್ಪಟೆ, ಪಕ್ಕಕ್ಕೆ ಮೆಟ್ಟಿಲು. ಗಟ್ಟಿ ಪದರ ಕಡಿದಾದ ಗೋಡೆಯಾಗಿ ನಿಲ್ಲುತ್ತದೆ, ಮೆತ್ತನೆಯದು ಇಳಿಜಾರಾಗಿ ಹುಲ್ಲು ಬೆಳೆಯುತ್ತದೆ. ಮಳೆಗಾಲದಲ್ಲಿ ನೀರು ಈ ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಿಳಿ ದಾರದ ಹಾಗೆ ಇಳಿಯುತ್ತದೆ.

ಹಾಗಾಗಿ ನಿಮ್ಮ ಹಾಳೆಯಲ್ಲಿ ಅಡ್ಡ ಗೆರೆ ಕಲ್ಲಿನದು, ಉದ್ದ ಗೆರೆ ನೀರಿನದು. ಅಡ್ಡ ಗೆರೆಯನ್ನು ಮಸಿಯಲ್ಲಿ ಹಾಕಿ. ಉದ್ದದ್ದನ್ನು ಹಾಕಬೇಡಿ, ಮಸಿ ಬಳಿಯುವ ಮೊದಲು ಮೇಣದಬತ್ತಿಯ ತುದಿಯಿಂದ ಗೀರಿಡಿ. ಮೇಣ ಇದ್ದಲ್ಲಿ ಮಸಿ ಹಿಡಿಯುವುದಿಲ್ಲ. ದಾರ ತಾನಾಗಿ ಬಿಳಿ ಉಳಿಯುತ್ತದೆ.

ಸಾರುಪ್ರಿಯ, ವಾಶಿ
ಋತು ಅಂದರೆ ಮಳೆಗಾಲ ಒಂದೇನಾ? ಫೆಬ್ರವರಿಯಲ್ಲಿ ಎಲೆ ಪೂರ್ತಿ ಉದುರಿಸಿ ನಿಂತ ಬೂರುಗದ ಮರ ನೋಡಿ. ಮಸಿಗೆಂದೇ ಹುಟ್ಟಿದ ಮರ ಅದು. ಆದರೆ ನಿಮಗೆಲ್ಲ ಮಳೆ, ಮಂಜು, ಮಿರ್ಚಿ ಭಜಿ.

ಕಡ್ಲೆಪುರಿ, ಠಾಣೆ
ಭಜಿ ಅಂದರಲ್ಲ! ತಿಕೋನಾ ಬುಡದ ಆ ಚಹಾದಂಗಡಿಯಲ್ಲಿ ಕಾಂದಾಭಜಿ ಸಿಗುತ್ತಾ?

ನಿಬ್ಬುಮುರುಕ, ಪುಣೆ · ಆಗಸ್ಟ್ 2
ಸಿಗುತ್ತದೆ. ಈ ವಾರ ಎರಡು ಪ್ಲೇಟ್ ತಿಂದೆ.

ಮತ್ತೆ ಅಲ್ಲಿಗೇ ಹೋಗಿದ್ದೆ. ಅದೇ ತಾಡಪತ್ರಿ, ಅದೇ ಬೆಂಚು. ಮೊದಲ ಒಂದು ತಾಸು ಪೆನ್ನು ಮುಟ್ಟಲಿಲ್ಲ, ಅಜ್ಜನ ಮಾತು ನಿಜವಾ ಅಂತ ಸುಮ್ನೆ ನೋಡಿದೆ. ನಿಜ. ಹನಿ ಕಾಣುವುದೇ ಇಲ್ಲ. ಅಂಗಡಿಯವನ ಎಮ್ಮೆಯ ಬೆನ್ನ ಮೇಲೆ ಮಾತ್ರ ಬಿಳಿ ಹಿಟ್ಟಿನ ಹಾಗೆ ಕೂತಿತ್ತು. ಆಚೆ ದಡದ ಬೆಟ್ಟದಲ್ಲಿ ಮೂರು ಮೆಟ್ಟಿಲು ಕಂಡವು. ಸ್ವಲ್ಪ ಹೊತ್ತಿಗೆ ನಡುವಿನದು ಮಾಯವಾಗಿ, ಮೇಲಿನ ತುಂಡು ಆಧಾರವಿಲ್ಲದೆ ತೇಲುತ್ತಿತ್ತು.

ಮೊದಲ ಹಾಳೆಗೆ ಮೇಣ ಗೀರಿದ್ದು ಜಾಸ್ತಿ ಆಯಿತು, ಬೆಟ್ಟಕ್ಕೆ ನಾಮ ಹಾಕಿದ ಹಾಗೆ ಬಂತು. ಹರಿದೆ. ಎರಡನೆಯದಕ್ಕೆ ಮೂರೇ ಗೀರು. ತಿಳಿ ಮಸಿ ಬಳಿದೆ, ಒಣಗಲು ಬಿಡದೆ ಕೆಳಗಿನ ಮೆಟ್ಟಿಲಿಗೆ ಗಟ್ಟಿ ಮಸಿ ಇಟ್ಟೆ. ಅದು ಮೇಲಕ್ಕೆ ತಾನೇ ಹರಡಿ ಅರ್ಧ ದಾರಿಯಲ್ಲಿ ನಿಂತಿತು. ನಾನು ಏನೂ ಮಾಡಲಿಲ್ಲ, ನೋಡುತ್ತಾ ಕೂತೆ. ಹಿಡಿಸೂಡಿ ಕಡ್ಡಿಯಲ್ಲಿ ಮುಂದಿನ ಹುಲ್ಲು. ನಿಬ್ಬು ಬಳಸಿದ್ದು ಎಮ್ಮೆಯ ಕೊಂಬಿಗೆ ಮಾತ್ರ. ಗೆರೆಗಾರರು ಕ್ಷಮಿಸಬೇಕು. ಮಳೆಗೆ ಗೆರೆ ಹಾಕಲೇ ಇಲ್ಲ.

ಹೆಂಡತಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಬಾಲ್ಕನಿಯಲ್ಲಿ ಬಟ್ಟೆ ಒಣಗಿಲ್ಲ ಅಲ್ವಾ" ಅಂತ ಎದ್ದು ಹೋದಳು.

ಗಲ್ಲಾಪೆಟ್ಟಿಗೆ, ಮಾಟುಂಗಾ
ಅತ್ತಿಗೆ ಪಾಸ್ ಮಾಡಿದರು.

ಗೆರೆಗಾರ, ಮುಲುಂಡ್
ಕೊಂಬು ಚೆನ್ನಾಗಿ ಬಂದಿರುತ್ತದೆ.

ಬೈಲಹೊಂಗಲದಜ್ಜ, ಹಡಪ್ಸರ್
ನಾಳೆ ಆಶ್ಲೇಷ ಕೂಡುತ್ತದೆ ತಮ್ಮಾ. ಬೇರೆ ಹಾಳೆ ತೆಗೆದಿಡು. ಈ ಸಲ ಹೊಳೆಯ ಕಡೆ ಕೂರು, ಆದರೆ ದಡದಿಂದ ದೂರ.

ನಿಬ್ಬುಮುರುಕ, ಪುಣೆ
ಹೂಂ ಅಜ್ಜ. ಒಂದು ಚಿಕ್ಕ ಪ್ರಶ್ನೆ ಉಳಿದಿದೆ. ಬಿಳಿ ಅಂಗಿಯ ಮೇಲೆ ಇಂಡಿಯನ್ ಇಂಕ್ ಬಿದ್ದರೆ ಹೇಗೆ ತೆಗೆಯುವುದು? ಆಕೆ ಇನ್ನೂ ನೋಡಿಲ್ಲ.

ದಪ್ಪಕನ್ನಡಕ, ಡೊಂಬಿವಿಲಿ
ಹೋಗುವುದಿಲ್ಲ.